ಅಕ್ಕ ಹಾಕಿದ ಬೀಗ

8-8-2005, ಸೋಮವಾರ
ನಂಜನಗೂಡು

ಶ್ರಾವಣದ ಮೊದಲ ಸೋಮವಾರ, ಒಪ್ಪೊತ್ತು. ಐದಕ್ಕೆ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ. ಹಂಡೆ ಒಲೆಗೆ ಉರಿ ಹಾಕಿ, ಸ್ನಾನ ಮುಗಿಸಿ ಲಿಂಗಪೂಜೆಗೆ ಕೂತರೆ ಪತ್ರೆ ಸಾಲದು. ಪಕ್ಕದ ಮನೆ ಪಾಪಮ್ಮನ ಗಿಡದಿಂದ ನಾಲ್ಕು ದಳ ತಂದೆ. ಕೇಳಿಯೇ ತಂದದ್ದು. ಇವರಿಗೆ ಉಪ್ಪಿಟ್ಟು, ಮಗ ನಂಜೇಶನ ಡಬ್ಬಿಗೆ ಚಿತ್ರಾನ್ನ. ಅವನು ತಾಂಡ್ಯದ ಫ್ಯಾಕ್ಟರಿ ಬಸ್ಸಿಗೆ ಓಡಿದ ಮೇಲೆ ಬಿದಿರಿನ ಹೆಡಗೆ ತೊಳೆದು ಬಿಸಿಲಿಗಿಟ್ಟು, ಹುರುಳಿಕಾಳು ಹಸನು ಮಾಡುತ್ತ ಕೂತಿದ್ದೆ.

ಆಗ ಒಳಗಿಂದ ಸೊಸೆ ನಯನ ಕೂಗಿದಳು. "ಅತ್ತೆ, ಇದು ತೆಗೀತಾನೇ ಇಲ್ಲ!"

ಬೀರು ಅಂದುಕೊಂಡೆ. ನೋಡಿದರೆ ಕಂಪ್ಯೂಟರು. ನೆನ್ನೆ ಮಧ್ಯಾಹ್ನ ಕರೆಂಟು ಹೋದಾಗ ಆರಿಹೋಗಿತ್ತು. ಇವತ್ತು ಹಾಕಿದರೆ ಪಾಸ್‌ವರ್ಡು ಕೇಳುತ್ತದೆ, ಅವಳು ಒತ್ತಿದ್ದನ್ನು ತಪ್ಪು ಅನ್ನುತ್ತದೆ.

ಮುಂದೆ ನನಗೇ ಮರೆಯುತ್ತದೆ, ಮೊದಲಿಂದ ಬರೆದಿಡುತ್ತೇನೆ. ನಯನ ಅಂಚೆಯಲ್ಲಿ ಪಾಠ ತರಿಸಿಕೊಂಡು ಕನ್ನಡ ಎಂ.ಎ. ಓದುತ್ತಿದ್ದಾಳೆ. ಕೊನೆಗೆ ಒಂದು ಸಂಪ್ರಬಂಧ ಬರೆದುಕೊಡಬೇಕು. ನಮ್ಮ ಸೀಮೆಯ ಹೆಂಗಸರು ಹೊಲದಲ್ಲಿ, ಒಲೆ ಮುಂದೆ, ಕೊಟ್ಟಿಗೆಯಲ್ಲಿ ಆಡುವ ಮಾತುಗಳನ್ನು ಕೂಡಿಸಿ ಅರ್ಥ ಬರೆಯುವುದು ಅವಳ ವಿಷಯ. ಇದೇ 26ನೇ ತಾರೀಕು ಶುಕ್ರವಾರ ಕೊನೇ ದಿನ. ತಪ್ಪಿದರೆ ಮುಂದಿನ ವರ್ಷ. ಅವಳಿಗೀಗ ನಾಲ್ಕು ತಿಂಗಳು. ಮುಂದಿನ ವರ್ಷ ಕಂಕುಳಲ್ಲಿ ಮಗು ಇರುವಾಗ ಎಂ.ಎ. ಎಲ್ಲಿಂದ ಬಂತು? ನಾನು ಏಳನೇ ಕ್ಲಾಸಿಗೆ ನಿಂತವಳು. ಇವಳು ನಿಲ್ಲುವುದು ಬೇಡ.

ಮಾತು ಹೇಳಿಕೊಟ್ಟವರು ಪುಟ್ಟಬಸಮ್ಮ, ನಮ್ಮ ಯಜಮಾನರ ಅಕ್ಕ. ನಾನೂ ಅಕ್ಕ ಅಂತಲೇ ಕರೆಯುವುದು. ಹುಟ್ಟಿದ್ದು ಹದಿನಾರು ಅನ್ನುವ ಊರಲ್ಲಿ, ಕೊಟ್ಟದ್ದು ನರಸೀಪುರಕ್ಕೆ. ಆಷಾಢದಲ್ಲಿ ಬಂದು ಮೂರು ವಾರ ಇದ್ದರು. ಅವರು ಹೇಳುತ್ತ ಹೋಗುವುದು, ನಯನ ಟೈಪು ಮಾಡುತ್ತ ಹೋಗುವುದು. ಆರುನೂರರ ಮೇಲೆ ಮಾತು ಸೇರಿತು. ಮಧ್ಯೆ ಒಂದು ದಿನ ನಂಜೇಶ ಇಸ್ಪೀಟಾಟ ಆಡಲು ಹೋಗಿ ಏನನ್ನೋ ಅಳಿಸಿಬಿಟ್ಟ. "ಇದ್ಕೆ ಬೀಗ ಇಲ್ವಾ ಮಗ?" ಅಂತ ಅಕ್ಕ ಕೇಳಿದರು. ಇದೆ ಅಂತ ಗೊತ್ತಾದ ಮೇಲೆ, "ನನ್ ಮಾತ್ಗೆ ನಾನೇ ಬೀಗ ಆಕ್ತೀನಿ, ನೀ ಅತ್ಲಾಗ್ ತಿರೀಕೊ" ಅಂದು ನಯನಳ ಮುಖ ತಿರುಗಿಸಿ, ಒಂದೇ ಬೆರಳಲ್ಲಿ ತಾವೇ ಒತ್ತಿದರು. ಇಂಗ್ಲಿಷ್ ಗುಂಡಿಗಳ ಮೇಲೆ ನಯನ ಅದೇ ಉಚ್ಚಾರದ ಕನ್ನಡ ಅಕ್ಷರದ ಚೀಟಿ ಅಂಟಿಸಿದ್ದಾಳೆ, ಅದರಿಂದ ಅವರಿಗೆ ಕಷ್ಟವಾಗಲಿಲ್ಲ. ಆಮೇಲೆ ದಿನಾ ಪೂಜೆ ಮುಗಿಸಿ, ಹಣೆಯ ವಿಭೂತಿ ಒಣಗುವ ಮೊದಲೇ ಬಂದು ಬೀಗ ತೆಗೆಯುವುದು ಅವರ ಕೆಲಸ. "ಏನಿಟ್ಟಿದ್ದೀರಾ ದೊಡ್ಡತ್ತೆ?" ಅಂದರೆ "ನಮ್ಮೂರೆಸ್ರು" ಅಂತ ನಗುತ್ತಿದ್ದರು.

ಅವರ ಊರು ಅಂದರೆ ಹದಿನಾರು. ನಯನ ಅದನ್ನೇ ಒತ್ತಿದ್ದು. ತೆಗೆಯಲಿಲ್ಲ.

ಅಕ್ಕ ಶನಿವಾರ ಊರಿಗೆ ಹೋದರು. ಇನ್ನೊಂದು ವಾರ ಇರಬೇಕಿತ್ತು. ಆಗಿದ್ದು ಇಷ್ಟೇ. ನಯನ ಮೊದಲ ಮೂವತ್ತೆಂಟು ಹಾಳೆಗಳನ್ನು ಅಂಗಡಿಯಲ್ಲಿ ಪ್ರಿಂಟು ತೆಗೆಸಿದ್ದಳು. ಸಹಾಯವಾಗಲಿ ಅಂತ ನಾನು ಕೆಂಪು ಪೆನ್ನು ಹಿಡಿದು ಕೂತೆ. ಇವರು ಮೇಷ್ಟ್ರಾಗಿದ್ದ ಮೂವತ್ತು ವರ್ಷ ಉಕ್ತಲೇಖನದ ಪುಸ್ತಕಗಳನ್ನು ಜೊತೆಗೆ ಕೂತು ತಿದ್ದಿದವಳು ನಾನು. ಹ ಬಿಟ್ಟ ಕಡೆಯೆಲ್ಲ ಹ ಹಾಕಿದೆ. ರಾಗಿ ತುಂಬಿಡುವ ನೆಲಗುಣಿಗೆ ಅಗೇವು ಅಂತಿತ್ತು, ಹಗೇವು ಮಾಡಿದೆ. ಅಟ್ಟಿಯನ್ನು ಹಟ್ಟಿ ಮಾಡಿದೆ. ಅಕ್ಕ ಅದನ್ನು ನೋಡಿ, "ಏನವ್ವ ರುದ್ರಾಣಿ, ನನ್ ಮಾತ್ಗೆಲ್ಲ ಸಿಡುಬೆದ್ದಂಗದಲ್ಲ" ಅಂದು ಚೀಲ ಕಟ್ಟಿದರು. ತಪ್ಪು ತಿದ್ದಿದ್ದಕ್ಕೆ ಯಾರಾದರೂ ಮುನಿಸಿಕೊಳ್ಳುತ್ತಾರಾ?

ದೊಡ್ಡದೇನಲ್ಲ. ನಾಳೆ ತೆಗೆದೀತು. ಸಂಜೆ ದೇವಸ್ಥಾನಕ್ಕೆ ಹೋಗಿ ಬಂದು ಊಟ. ಪಾಯಸಕ್ಕೆ ಇಟ್ಟಿದ್ದೇನೆ.

9-8-2005, ಮಂಗಳವಾರ

ತೆಗೆಯಲಿಲ್ಲ. ನಂಜೇಶನಿಗೆ ಇವತ್ತು ಎರಡನೇ ಪಾಳಿ, ಬೆಳಿಗ್ಗೆಯೆಲ್ಲ ಅದರ ಮುಂದೆ ಕೂತ. ಹದಿನಾರನ್ನು ಇಂಗ್ಲಿಷಿನಲ್ಲಿ ಎಷ್ಟು ಥರ ಬರೆಯಬಹುದೋ ಅಷ್ಟೂ ಥರ ಒತ್ತಿದ. ಕೊನೇ ರು ಗೆ ದೀರ್ಘ ಕೊಟ್ಟ, ಮಧ್ಯದ ನಾ ಗೆ ಎರಡು ಎ ಹಾಕಿದ, ಎಲ್ಲವನ್ನೂ ದೊಡ್ಡಕ್ಷರ ಮಾಡಿದ.

"ಅಮ್ಮ, ಹದಿನಾರು ಅಂದ್ರೆ ಒಂದು, ಆರು ಇರಬಹುದು ಕಣಮ್ಮ. ದೊಡ್ಡತ್ತೆ ಅಂಕಿ ಒತ್ತಿರ್ತಾರೆ."

"ಊರು ಅಂದ್ರೆ ಊರೇ ಕಣೋ, ಲೆಕ್ಕ ಯಾಕೆ ಒತ್ತುತಾರೆ?"

ಒತ್ತಿದ. ಅದೂ ತಪ್ಪು.

ಪಾಪಮ್ಮ ಮೊಸರಿಗೆ ಹೆಪ್ಪು ಕೇಳಲು ಬಂದವಳು ನಿಂತು ನೋಡಿದಳು. ಅವಳ ತೀರ್ಮಾನ ಬೇರೆ. "ಅಲ್ಲ ಕಣ್ರವ್ವ, ಕೆಲವು ಎಮ್ಮೆ ಇಲ್ವಾ, ಒಬ್ರು ಕೈಗೇ ಆಲು ಕೊಡದು. ಇದೂ ಅಂಗೇಯ. ಅಕ್ಕಾರ ಕೈಬೊಟ್ಟೇ ಬೇಕು ಇದ್ಕೆ."

"ನಿನ್ನ ಬೊಟ್ಟು ಇಡು ನೋಡೋಣ, ನಿನಗೂ ಒಗ್ಗುತ್ತೇನೋ" ಅಂದ ನಂಜೇಶ.

"ಓಗಪ್ಪ, ಆಮೇಲೆ ಕೆಟ್ಟೋಯ್ತು ಅಂತ ನನ್ ತಲೆಗ್ ಕಟ್ಟಿಯೆ."

ಎಲ್ಲರೂ ನಕ್ಕೆವು. ನಯನ ಕೂಡ ನಕ್ಕಳು, ಆದರೆ ಮಧ್ಯಾಹ್ನ ಮುದ್ದೆ ಅರ್ಧಕ್ಕೇ ಬಿಟ್ಟಳು.

11-8-2005, ಗುರುವಾರ

ಪೇಟೆಯಿಂದ ರಿಪೇರಿಯವನು ಬಂದಿದ್ದ. ಹಿಂದೆ ಮುಂದೆ ನೋಡಿ, "ಫಾರ್ಮ್ಯಾಟ್ ಮಾಡ್ಬೇಕು ಸಾ, ಅರ್ಧ ಗಂಟೆ ಕೆಲ್ಸ" ಅಂದ. ಹಾಗಂದರೇನು ಅಂತ ಇವರು ಕೇಳಿದರು. "ಒಸಾ ಕಂಪ್ಯೂಟರ್ ಆದಂಗೆ ಆಯ್ತದೆ ಸಾ, ಒಳ್ಗಡೆ ಒಂದ್ ಕಡ್ಡಿನೂ ಇರಕಿಲ್ಲ."

ಅಷ್ಟು ಹೊತ್ತಿಗೆ ನಯನ ಬಂದು ಕಂಪ್ಯೂಟರಿಗೂ ಅವನಿಗೂ ನಡುವೆ ನಿಂತುಬಿಟ್ಟಳು. ಕಾಫಿ ಕುಡಿಸಿ ಕಳಿಸಿದೆವು.

ಪ್ರಿಂಟು ತೆಗೆಸಿದ ಮೂವತ್ತೆಂಟು ಹಾಳೆ ಬಿಟ್ಟರೆ ಮಿಕ್ಕದ್ದೆಲ್ಲ ಆ ಪೆಟ್ಟಿಗೆಯೊಳಗೇ ಇದೆ. ಅಂಗಡಿಗೆ ಒಯ್ದ ಫ್ಲಾಪಿ ಅವತ್ತೇ ಕೆಟ್ಟಿತು. ಕೈಯಲ್ಲಿ ಬರೆದುಕೊಂಡದ್ದೂ ಇಲ್ಲ. ಅಕ್ಕ ಹೇಳುವ ಓಟಕ್ಕೆ ಬರೆಯಲು ಆಗುತ್ತಿರಲಿಲ್ಲವಂತೆ.

ಅಕ್ಕನ ಮಗನ ಮನೆಯಲ್ಲಿ ಫೋನಿಲ್ಲ. ಎದುರುಮನೆಯ ನಂಬರಿಗೆ ಎರಡು ಸಲ ಮಾಡಿದೆವು. ಕರೆದುಕೊಂಡು ಬರುತ್ತೇನೆ ಅಂತ ಹೋದವರು ವಾಪಸು ಬಂದು, "ಅವ್ರಿಗೆ ಮಂಡಿನೋವಂತೆ, ಬರಾಕಾಗಲ್ವಂತೆ" ಅಂದರು. ಮೂರು ವಾರ ನಮ್ಮ ಮನೆ ಮೆಟ್ಟಿಲು ದಿನಕ್ಕೆ ಹತ್ತು ಸಲ ಹತ್ತಿ ಇಳಿದ ಮಂಡಿ.

ಇರಲಿ. ಭಾನುವಾರ ಇವರೇ ಹೋಗಿ ಕೇಳಿಕೊಂಡು ಬರುತ್ತಾರೆ. ಸೇವಂತಿಗೆ ಗಿಡಕ್ಕೆ ಹೊಸ ಮಣ್ಣು ಹಾಕಿಸಿದೆ. ಗೌರಿ ಹಬ್ಬಕ್ಕೆ ಮೊಗ್ಗು ಕಾಣಬಹುದು.

14-8-2005, ಭಾನುವಾರ

ಇವರು ಬೆಳಿಗ್ಗೆ ಏಳರ ಬಸ್ಸಿಗೆ ನರಸೀಪುರಕ್ಕೆ ಹೋದವರು ಮೂರು ಗಂಟೆಗೆ ಬಂದರು. ಅಕ್ಕ ತಮ್ಮನಿಗೆ ಒಬ್ಬಟ್ಟು ಮಾಡಿ ಹಾಕಿದ್ದಾರೆ. ನಮ್ಮ ಯಾರ ಸುದ್ದಿಯನ್ನೂ ಕೇಳಿಲ್ಲ. ನಯನಳನ್ನು ಮಾತ್ರ ಕೇಳಿದರಂತೆ, "ಉಳಿ ತಿಂತಾಳಾ?" ಅಂತ.

ಜೇಬಿನಿಂದ ಚೀಟಿ ತೆಗೆದರು. ಇವರ ಕೈಬರಹ ಗೊತ್ತಲ್ಲ, ಕಪ್ಪು ಹಲಗೆಯ ಮೇಲೆ ಬರೆದ ಹಾಗೆ ಗುಂಡಗೆ, ಕನ್ನಡದಲ್ಲಿ ಒಂದು ಸಾಲು, ಇಂಗ್ಲಿಷಿನಲ್ಲಿ ಒಂದು ಸಾಲು. ಹದಿನಾರು.

"ಇದನ್ನೇ ತಾನೇ ನಾವು ಒತ್ತಿದ್ದು?" ಅಂದೆ.

"ಅವಳು ಹೇಳಿದ್ದು ಇದೇ. ಎರಡೆರಡು ಸಲ ಕೇಳಿಸಿಕೊಂಡಿದ್ದೀನಿ."

ನಯನ ಮತ್ತೆ ಒತ್ತಿದಳು, ಚೀಟಿ ಪಕ್ಕದಲ್ಲಿಟ್ಟುಕೊಂಡು, ಅಕ್ಷರ ಅಕ್ಷರ ನೋಡಿಕೊಂಡು. ತಪ್ಪು.

ನನಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಇಲ್ಲಿ ಬರೆದರೆ ಯಾರೂ ಓದುವುದಿಲ್ಲ, ಬರೆಯುತ್ತೇನೆ. ಅಕ್ಕ ಬೇಕಂತಲೇ ಸುಳ್ಳು ಹೇಳಿದ್ದಾರೆ. ಒಳಗೆ ಬೇರೇನೋ ಇಟ್ಟಿದ್ದಾರೆ, ಕೇಳಿದವರಿಗೆಲ್ಲ ಹದಿನಾರು ಅನ್ನುತ್ತಾರೆ. ನನ್ನ ಮೇಲಿನ ಕೋಪಕ್ಕೆ ಬಸುರಿ ಹುಡುಗಿಯ ಒಂದು ವರ್ಷ ಹಾಳು ಮಾಡುವುದಾ? ನಾನು ಏನು ಮಾಡಬಾರದ್ದು ಮಾಡಿದೆ? ಮದುವೆಯಾಗಿ ಬಂದಾಗಿನಿಂದ ನೋಡುತ್ತಿದ್ದೇನೆ. ಅಕ್ಕ ಹಾಲಿಗೆ ಆಲು ಅನ್ನುವುದು, ನಾನು ಹಾಲು ಅನ್ನುವುದು, ಅವರು ಮುಖ ಊದಿಸುವುದು. ಇವರ ಶಾಲೆಯ ಮೇಷ್ಟ್ರುಗಳು ಮನೆಗೆ ಬಂದಾಗ ಅಕ್ಕ ಬಾಯಿಬಿಟ್ಟರೆ ನನಗೆ ಮುಜುಗರ. ಆಗೆಲ್ಲ ಮೆಲ್ಲಗೆ ತಿದ್ದುತ್ತಿದ್ದೆ. ಅವರ ಒಳ್ಳೆಯದಕ್ಕೇ. ಮೂವತ್ತೊಂದು ವರ್ಷ ಒಂದು ದಿನವೂ ಏನೂ ಅನ್ನದೆ ಈಗ ಹೀಗೆ ತೀರಿಸಿಕೊಂಡಿದ್ದಾರೆ.

"ಅಕ್ಕ ಹಾಗೆ ಸುಳ್ಳು ಹೇಳೋಳಲ್ಲ" ಅಂದರು ಇವರು.

"ಹಾಗಾದ್ರೆ ಕಂಪ್ಯೂಟರ್ ಸುಳ್ಳು ಹೇಳ್ತಿದೆಯಾ?" ಅಂದೆ. ಇವರು ಚೀಟಿ ಮಡಿಸಿ ಮತ್ತೆ ಜೇಬಿಗಿಟ್ಟುಕೊಂಡರು.

15-8-2005, ಸೋಮವಾರ

ಒಪ್ಪೊತ್ತು. ಇಷ್ಟಲಿಂಗ ಕೈಯಲ್ಲಿಟ್ಟುಕೊಂಡು ಅಕ್ಕನನ್ನು ಬೈಯುತ್ತಿದ್ದೆ. ಗೊತ್ತಾಗಿ ಎದ್ದುಬಿಟ್ಟೆ. ಮತ್ತೆ ಕಾಲು ತೊಳೆದು ಬಂದು ಮೊದಲಿಂದ ಶುರು ಮಾಡಿದೆ.

17-8-2005, ಬುಧವಾರ

ಕಪಿಲೆ ತುಂಬಿದೆ. ಸ್ನಾನಘಟ್ಟದ ಮೆಟ್ಟಿಲು ಅರ್ಧ ಮುಳುಗಿದೆ, ನೀರು ಕೆಮ್ಮಣ್ಣಿನ ಬಣ್ಣ. ನೋಡುತ್ತಿದ್ದರೆ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ.

ನಯನ ಮೂವತ್ತೆಂಟು ಹಾಳೆ ತೆಗೆದುಕೊಂಡು ಮೈಸೂರಿಗೆ ಹೋಗಿ ಅವಳ ಗೈಡು ಬದರೀನಾರಾಯಣ ಅವರನ್ನು ಕಂಡು ಬಂದಳು. ಬೀಗ ತೆಗೆಯದಿದ್ದರೆ ಇಷ್ಟನ್ನಾದರೂ ಕೊಡಲಿ, ಪಾಸು ಮಾಡುವುದು ಬಿಡುವುದು ಅವರಿಗೆ ಬಿಟ್ಟದ್ದು ಅಂತ ನಾವು ಯೋಚನೆ ಮಾಡಿದ್ದೆವು.

"ಏನಂದ್ರು ಮೇಷ್ಟ್ರು?"

"ತಿದ್ದಿದವರ ಕನ್ನಡ ತುಂಬ ಚೆನ್ನಾಗಿದೆ ಅಂದ್ರು ಅತ್ತೆ."

ನನಗೆ ಖುಷಿಯಾಯಿತು. ಅವಳಿಗೆ ಎರಡು ದೋಸೆ ಹೆಚ್ಚಿಗೆ ಹಾಕಿದೆ. ತಿಂದು ಕೈ ತೊಳೆದ ಮೇಲೆ ಮಿಕ್ಕದ್ದನ್ನು ಹೇಳಿದಳು. "ಆದ್ರೆ ನಾವು ಬರೀತಿರೋದು ಅವರ ಕನ್ನಡ ಅಲ್ಲವಲ್ಲಮ್ಮ, ಪುಟ್ಟಬಸಮ್ಮನ ಕನ್ನಡ" ಅಂದರಂತೆ. ಆ ಹೆಂಗಸು ಹೇಗೆ ಹೇಳಿದರೋ ಹಾಗೇ ಇರಬೇಕು, ಹ ಸೇರಿಸಿದರೆ ಮಾತು ಕೆಟ್ಟ ಹಾಗೆ, ಕೆಂಪು ಗುರುತೆಲ್ಲ ತೆಗೆಯಿರಿ ಅಂದರಂತೆ.

"ಇದು ನಿನಗೆ ಮೊದಲೇ ಗೊತ್ತಿತ್ತಾ?"

ತಲೆ ಬಗ್ಗಿಸಿಕೊಂಡಳು. "ಗೊತ್ತಿತ್ತು ಅತ್ತೆ. ನೀವು ಅಷ್ಟು ಇಷ್ಟಪಟ್ಟು ಮಾಡ್ತಿದ್ರಿ..."

ಇನ್ನು ದೋಸೆ ಹಿಟ್ಟು ಉಳಿದಿಲ್ಲ. ನಾಳೆಗೆ ಬೇರೆ ಏನಾದರೂ ಮಾಡಬೇಕು.

18-8-2005, ಗುರುವಾರ

ಕೆಂಪು ಹಾಕಿದವಳೇ ತೆಗೆಯಬೇಕು ಅಂತ ಹಾಳೆಗಳನ್ನು ನಾನೇ ಇಸಿದುಕೊಂಡೆ. ನಂಜೇಶ ಬಿಳಿ ಬಣ್ಣದ ಸಣ್ಣ ಸೀಸೆ ತಂದುಕೊಟ್ಟ, ಉಗುರುಬಣ್ಣದ ಹಾಗೆ ಅದಕ್ಕೊಂದು ಕುಂಚ. ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಒಂದೊಂದೇ ಹ ಮೇಲೆ ಹಚ್ಚುತ್ತ ಹೋದೆ. ಎಣಿಸಿದೆ, ಇನ್ನೂರ ಹನ್ನೊಂದು ಹ ಹಾಕಿದ್ದೇನೆ.

ಹಚ್ಚಿದ ಮೇಲೆ ಸರಿಯಾಗಿದೆಯೋ ಅಂತ ಬಾಯಲ್ಲಿ ಹೇಳಿ ನೋಡಬೇಕು. ಮೊದಮೊದಲು ನಾಲಿಗೆ ಒಪ್ಪಲಿಲ್ಲ. ಅಸೆ. ಒರೆ. ಎಡಗೆ. ಉಳ್ಳಿ. ಹತ್ತು ಹಾಳೆ ಆಗುವಷ್ಟರಲ್ಲಿ ನನ್ನ ಧ್ವನಿಯೇ ಬೇರೆಯಾಯಿತು. ನಯನ ಅಡುಗೆಮನೆಯಿಂದ ಇಣುಕಿ, "ದೊಡ್ಡತ್ತೆ ಬಂದ್ರಾ ಅಂದುಕೊಂಡೆ" ಅಂದಳು.

ಅಗೇವು ಬಂದಾಗ ಕೈ ನಿಂತಿತು. ನಾನು ಮದುವೆಯಾಗಿ ಹೊಸದಾಗಿ ಬಂದ ವರ್ಷ. ಹಿತ್ತಲಲ್ಲಿ ಅಗೇವು ತೆಗೆಯುತ್ತಿದ್ದರು. ನಾನು ನೋಡಿರಲೇ ಇಲ್ಲ. ನನ್ನ ತವರು ತಲಕಾಡಿನ ಮರಳಲ್ಲಿ ಗುಣಿ ತೋಡಿದರೆ ನಿಲ್ಲುತ್ತದೆಯೇ? ಬಗ್ಗಿ ನೋಡಲು ಹೋದೆ. ಅಕ್ಕ ಓಡಿ ಬಂದು ಸೆರಗು ಹಿಡಿದು ಎಳೆದರು. "ಏ ಮಗ, ಅಂಗ್ ಬಗ್ಬಾರ್ದು! ಒಳ್ಗೆ ಕೆಟ್ಟ ಗಾಳಿ ಇರ್ತದೆ. ಮೊದ್ಲು ದೀಪ ಇಳಿಬುಟ್ಟು ನೋಡ್ಬೇಕು. ದೀಪ ಆರ್ಲಿಲ್ಲ ಅಂದ್ರೆ ಮನ್ಸ ಇಳೀಬೋದು." ದೀಪ ಇಳಿಬಿಟ್ಟು ತೋರಿಸಿದರು. ಅದು ಆರಿಯೇ ಹೋಯಿತು. ಅವತ್ತೆಲ್ಲ ನನ್ನ ಸೆರಗು ಬಿಡಲಿಲ್ಲ ಅಕ್ಕ.

ಇಪ್ಪತ್ತಾರು ಹಾಳೆ ಮುಗಿಯಿತು. ಬೆನ್ನು ಹಿಡಿದಿದೆ. ಹಿಡಿಯಲಿ, ಚೆನ್ನಾಗಿದೆ ಈ ಕೆಲಸ.

19-8-2005, ಶುಕ್ರವಾರ

ತೆಗೆಯಿತು!

ಸಮಾಧಾನವಾಗಿ ಬರೆಯುತ್ತೇನೆ. ಹನ್ನೊಂದು ಗಂಟೆ ಇರಬಹುದು. ನಾನು ಕೊನೇ ಹಾಳೆಗಳಿಗೆ ಬಿಳಿ ಹಚ್ಚುತ್ತಿದ್ದೆ. ಇವರು ಎದುರಿಗೆ ಪೇಪರ್ ಓದುತ್ತಿದ್ದರು. ಎರಡು ದಿನದಿಂದ ಅಕ್ಕನ ಮಾತೇ ಬಾಯಲ್ಲಿ ಇದ್ದದ್ದಕ್ಕೋ ಏನೋ, ಅವರ ಮೇಲೆ ಮೊದಲಿನಷ್ಟು ಸಿಟ್ಟಿರಲಿಲ್ಲ. ಸುಮ್ಮನೆ ಕೇಳಿದೆ.

"ರೀ, ಅವತ್ತು ಅಕ್ಕ ಏನಂದ್ರು? ಅವರು ಅಂದ ಹಾಗೇ ಹೇಳಿ."

"ಹೇಳಿದ್ನಲ್ಲ, ಹದಿನಾರು ಅಂದಳು."

"ಅದಲ್ಲ, ಮಾತು ಹೇಗೆ ಬಂತು, ಮೊದಲಿಂದ ಹೇಳಿ."

ಇವರಿಗೆ ಅಕ್ಕನ ಥರ ಮಾತಾಡಿ ತೋರಿಸುವುದು ಅಂದರೆ ಚಿಕ್ಕಂದಿನಿಂದ ಇಷ್ಟ. ಪೇಪರ್ ಮಡಿಸಿ, ಸೊಂಟದ ಮೇಲೆ ಕೈ ಇಟ್ಟುಕೊಂಡು ಶುರು ಮಾಡಿದರು. "'ನಮ್ಮೂರೆಸ್ರು ಕೇಳಕ್ಕೆ ಅಷ್ಟ್ ದೂರದಿಂದ ಬಂದ್ಯಾ? ಅದಿನಾರು ಕಣ್ಲಾ, ಅದಿನಾರು. ಮೇಷ್ಟ್ರಾಗ್ಬುಟ್ಟು ಊರೆಸ್ರೇ ಮರ್ತ್ಬುಟ್ಯಾ?' ಅಂದಳು. ಇಷ್ಟೇ."

ನನ್ನ ಕೈಯಲ್ಲಿದ್ದ ಕುಂಚದಿಂದ ಬಿಳಿ ಬಣ್ಣ ಸೀರೆ ಮೇಲೆ ತೊಟ್ಟಿಕ್ಕಿತು.

"ಇನ್ನೊಂದ್ಸಲ ಹೇಳಿ."

"ಹದಿನಾರು."

"ಅಯ್ಯೋ ನಿಮ್ಮದಲ್ಲ, ಅಕ್ಕಂದು!"

"ಅದಿನಾರು..." ಅಂದರು. ಅಂದವರು ಹಾಗೇ ಬಾಯಿ ತೆರೆದುಕೊಂಡು ಕೂತರು. ಮೂವತ್ತು ವರ್ಷ ಮಕ್ಕಳಿಗೆ ಹ ಹೇಳಿಕೊಟ್ಟ ಬಾಯಿ.

ನಯನ ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದಳು. ಅವಳನ್ನು ಕರೆಯುವಷ್ಟು ತಾಳ್ಮೆ ಇರಲಿಲ್ಲ. ನಾನೇ ಕುರ್ಚಿಯಲ್ಲಿ ಕೂತು, ಚೀಟಿ ಅಂಟಿಸಿದ ಗುಂಡಿಗಳನ್ನು ಹುಡುಕಿ ಹುಡುಕಿ ಒಂದೇ ಬೆರಳಲ್ಲಿ ಒತ್ತಿದೆ. ಹ ಗುಂಡಿಯನ್ನು ಮುಟ್ಟಲಿಲ್ಲ. ಅ ಇಂದಲೇ ಶುರು ಮಾಡಿದೆ. ದ, ಇ, ನ, ಮತ್ತೆ ಅ, ರ, ಉ. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಅದರ ಹಾಡು ಬಂತು. ಪರದೆ ಮೇಲೆ ಹಸಿರು ಗುಡ್ಡ, ನೀಲಿ ಆಕಾಶ.

ನಯನ ಒದ್ದೆ ಕೈಯಲ್ಲೇ ಓಡಿ ಬಂದು ನನ್ನನ್ನು ತಬ್ಬಿಕೊಂಡಳು. ಫೈಲು ತೆಗೆದು ನೋಡಿದಳು, ಎಲ್ಲ ಇದ್ದ ಹಾಗೇ ಇದೆ. ಪಾಪಮ್ಮ ಗೋಡೆಯಾಚೆಯಿಂದ, "ಏನ್ರವ್ವ, ಕೂಸ್ಗೀಸು ಆಯ್ತಾ ಈಗ್ಲೇಯ, ಅಂಗ್ ಕೂಗ್ತೀರಾ?" ಅಂದಳು.

ಐದು ದಿನ ಅಕ್ಕನನ್ನು ಸುಳ್ಳಿ ಅಂದುಕೊಂಡಿದ್ದೆ. ಅವರು ಇದ್ದದ್ದನ್ನು ಇದ್ದ ಹಾಗೇ ಹೇಳಿದ್ದರು. ಎರಡೆರಡು ಸಲ. ಕೇಳಿಸಿಕೊಂಡವರು ಯಾರೂ ಇರಲಿಲ್ಲ, ಅಷ್ಟೇ.

ಇವತ್ತು ಕಡಲೆಬೇಳೆ ಪಾಯಸ.

20-8-2005, ಶನಿವಾರ

ನಯನ ಅವಳ ಕೆಲಸ ಮುಗಿಸಿಕೊಳ್ಳಲಿ ಅಂತ ಬೆಳಿಗ್ಗೆಯೇ ಮನೆಗೆಲಸವೆಲ್ಲ ನಾನೇ ಹಿಡಿದೆ. ಎಡಗೆಗಳನ್ನು ತೊಳೆದು ಹಾಕಿದೆ, ಹಿಟ್ಟಿನ ಗಿರಣಿಗೂ ಹೋಗಿ ಬಂದೆ. ಬಂದರೆ ಅವಳು ಸುಮ್ಮನೆ ಕೂತಿದ್ದಾಳೆ.

"ಯಾಕೆ ಮಗಳೇ, ಮತ್ತೆ ಕೆಟ್ಟಿತಾ?"

"ಇಲ್ಲ ಅತ್ತೆ. ದೊಡ್ಡತ್ತೆ ಹೋಗುವಾಗ ನನಗೊಂದು ಮಾತು ಹೇಳಿಹೋದ್ರು. ನಿಮಗೆ ಹೇಳಿರಲಿಲ್ಲ."

ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಅಕ್ಕ ಅಂದದ್ದು ಇದು: "ನನ್ ಮಾತ ತೆಗ್ದಾಕ್ಬುಡು ಮಗ. ನನ್ನೆಸ್ರೂ ಬ್ಯಾಡ."

ತೆಗೆದುಹಾಕಿದರೆ ಉಳಿಯುವುದೇನು? ಸಂಪ್ರಬಂಧ ಪೂರ್ತಿ ಅವರ ಮಾತೇ.

ನಂಜೇಶ ಅಂದ, "ದೊಡ್ಡತ್ತೆ ಯೂನಿವರ್ಸಿಟಿಗೆ ಹೋಗಿ ನೋಡ್ತಾರಾ? ಕೊಟ್ಬಿಡು. ಗೊತ್ತಾಗಲ್ಲ."

"ಗೊತ್ತಾಗಲ್ಲ ಅಂತಾನೇ ಕೇಳ್ಬೇಕು ಕಣ್ರೀ" ಅಂದಳು ನಯನ. "ಅವರು ಬೇಡ ಅಂದ್ರೆ ಬೇಡ. ಒಂದು ವರ್ಷ ಹೋದ್ರೆ ಹೋಗ್ಲಿ."

ನಂಜೇಶನ ಮಾತೇ ಸರಿ ಅಂತ ನನ್ನ ಬಾಯಿತುದಿಗೂ ಬಂದಿತ್ತು. ಈ ಹುಡುಗಿಯ ಮುಖ ನೋಡಿ ನುಂಗಿಕೊಂಡೆ. ಅಕ್ಕ ಹಾಗೆ ಅಂದದ್ದು ಇವಳಿಗಲ್ಲ, ನನಗೆ. ನಾನೇ ಹೋಗಬೇಕೋ, ಬರೆಯಬೇಕೋ ತಿಳಿಯುತ್ತಿಲ್ಲ. ಶುಕ್ರವಾರಕ್ಕೆ ಆರು ದಿನ ಇದೆ.

22-8-2005, ಸೋಮವಾರ

ಮೂರನೇ ಸೋಮವಾರ, ಒಪ್ಪೊತ್ತು. ಪೂಜೆಗೆ ಮನಸ್ಸು ನಿಂತಿತು. ನೆಮ್ಮದಿಯಾಗಿ ಎದ್ದು ಕಾಗದ ಬರೆಯಲು ಕೂತೆ.

ನಾನೇ ಹೋಗಿ ಬರಲಾ ಅಂತ ನೆನ್ನೆಯೆಲ್ಲ ಯೋಚಿಸಿದೆ. ಆದರೆ ಮನೆಗೆ ಬಂದವರಿಗೆ ಇಲ್ಲ ಅನ್ನುವ ಗುಣ ಅಕ್ಕನಿಗಿಲ್ಲ. ನಾನು ಬಾಗಿಲಲ್ಲಿ ನಿಂತರೆ ಒಳಗೆ ಕರೆದು, ಕಾಫಿ ಕೊಟ್ಟು, "ಊಂ" ಅಂದುಬಿಡುತ್ತಾರೆ. ಅದು ಒಪ್ಪಿಗೆಯಲ್ಲ. ನಾನು ಎದುರಿಗಿಲ್ಲದಾಗ ಅವರಿಗೆ ಬೇಡ ಅನ್ನಲು ಜಾಗ ಇರಬೇಕು. ಅದಕ್ಕೇ ಕಾಗದ. ಬರೆದದ್ದನ್ನು ಇಲ್ಲಿ ಇಳಿಸಿಕೊಳ್ಳುತ್ತೇನೆ.

"ಅಕ್ಕನವರಿಗೆ ರುದ್ರಾಣಿ ಮಾಡುವ ಶರಣು. ಇಲ್ಲಿ ಎಲ್ಲರೂ ಕ್ಷೇಮ. ನಯನ ಹುಳಿ ತಿನ್ನುವುದಿಲ್ಲ, ಸಿಹಿ ಕೇಳುತ್ತಾಳೆ.

ನೀವು ಹಾಕಿದ ಬೀಗ ತೆಗೆದೆವು. ನೀವು ಹೇಳಿದ್ದು ಸರಿಯಾಗಿತ್ತು, ನಾವೇ ಕೆಡಿಸಿಕೊಂಡೆವು. ನೀವು ಸುಳ್ಳು ಹೇಳಿದಿರಿ ಅಂತ ನಾನು ಐದು ದಿನ ಅಂದುಕೊಂಡೆ, ಮನೆಯಲ್ಲಿ ಬಾಯಿಬಿಟ್ಟೂ ಅಂದೆ. ಇದು ನಿಮಗೆ ತಿಳಿಯುತ್ತಿರಲಿಲ್ಲ, ಆದರೂ ಹೇಳಬೇಕು ಅನ್ನಿಸಿತು.

ನೀವು ಹೋಗುವ ದಿನ ನಾನು, ಹೊರಗಿನವರು ಓದುತ್ತಾರೆ ಅಕ್ಕ, ಹೀಗಿದ್ದರೆ ನಗುತ್ತಾರೆ ಅಂದೆ. ನಗೋರು ನೀನೇ ಅಲ್ವಾ ರುದ್ರಾಣಿ ಅಂದಿರಿ. ಅದನ್ನು ನಾನು ಯಾರಿಗೂ ಹೇಳಿಲ್ಲ, ದಿನಚರಿಯಲ್ಲೂ ಬರೆದಿರಲಿಲ್ಲ. ಹೌದು, ನಾನೇ. ಮೇಷ್ಟ್ರುಗಳ ಮುಂದೆ ಇಷ್ಟು ವರ್ಷ ನಿಮ್ಮ ಮಾತು ತಿದ್ದಿದೆ. ಒಳ್ಳೆಯದಕ್ಕೆ ಅಂತ ನಂಬಿಕೊಂಡಿದ್ದೆ. ನನಗೆ ನಾಚಿಕೆಯಾಗುತ್ತಿತ್ತು, ಅದಕ್ಕೆ ತಿದ್ದುತ್ತಿದ್ದೆ. ತಪ್ಪಾಯಿತು.

ಕೆಂಪೆಲ್ಲ ತೆಗೆದಿದ್ದೇನೆ. ಅಗೇವು ಅಗೇವಾಗಿಯೇ ಇದೆ. ನಯನ ಶುಕ್ರವಾರ ಕೊಡಬೇಕು. ನಿಮ್ಮ ಒಪ್ಪಿಗೆ ಇಲ್ಲದೆ ಕೊಡುವುದಿಲ್ಲ ಅಂತ ಕೂತಿದ್ದಾಳೆ. ನಿಮ್ಮ ಮಾತು, ನಿಮ್ಮ ಹೆಸರು, ಎರಡೂ ನಿಮ್ಮದು. ಇರಲಿ ಅಂದರೆ ಇರುತ್ತದೆ, ಬೇಡ ಅಂದರೆ ತೆಗೆಯುತ್ತಾಳೆ. ಬೇಡ ಅಂದರೂ ನನಗೆ ನಿಮ್ಮ ಮೇಲೆ ಬೇಜಾರಿಲ್ಲ."

ಎರಡು ಸಲ ಓದಿದೆ. ಕೊನೇ ಸಾಲು ನಿಜವೋ ಅಂತ ನೋಡಿಕೊಂಡೆ. ಬಹುಮಟ್ಟಿಗೆ ನಿಜ.

ಇವರು ನಾಳೆ ಏಳರ ಬಸ್ಸಿಗೆ ಅಂತ ಈಗಲೇ ಅಂಗಿ ಇಸ್ತ್ರಿ ಮಾಡಿಕೊಳ್ಳುತ್ತಿದ್ದಾರೆ. ಕಾಗದ ಮಡಿಸಿ ಕೈಗೆ ಕೊಟ್ಟು ಹೇಳಿದೆ. "ರೀ, ಕೊಟ್ಟು ಬಂದ್ಬಿಡಬೇಡಿ. ಉತ್ತರ ತಗೊಂಡೇ ಬನ್ನಿ, ಒಂದು ದಿನ ಉಳಿಯಬೇಕಾದ್ರೂ ಪರವಾಗಿಲ್ಲ. ಬರೆದುಕೊಟ್ರೆ ಅವರ ಕೈಯಲ್ಲೇ ಬರೆಸ್ಕೊಳ್ಳಿ. ಬಾಯಲ್ಲಿ ಹೇಳಿದ್ರೆ, ಬೈದ್ರೂ ಸರಿಯೇ, ಅಕ್ಕ ಅಂದಿದ್ದನ್ನ ಅಂದ ಹಾಗೇ ನನಗೆ ತಂದುಕೊಡಿ."